ಡಾಕ್ಟರ ಕಾರಿನ ನಾಲ್ಕು ಗೆರೆಗಳು

ಬ್ರೇಕಿನ ಕೆಲಸಕ್ಕೆ ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಇದು ಯಾರ ಕಣ್ಣಿಗೂ ಬೀಳದ ಕೆಲಸ. ಇಂಜಿನ್ ಬಿಚ್ಚಿ ಕಟ್ಟಿದವನಿಗೆ ಅದರ ಸದ್ದೇ ಸಾಕ್ಷಿ. ಪೇಂಟ್ ಮಾಡಿದವನಿಗೆ ಹೊಳಪು ಇದೆ. ನಮ್ಮ ಕೆಲಸ ಚೆನ್ನಾಗಿ ಆಗಿದ್ದರೆ ಏನೂ ಆಗುವುದಿಲ್ಲ, ಗಾಡಿ ಸುಮ್ಮನೆ ನಿಲ್ಲುತ್ತದೆ, ಯಜಮಾನ ಇಳಿದು ಮನೆಯೊಳಗೆ ಹೋಗುತ್ತಾನೆ. ಏನೂ ಆಗದಿದ್ದುದಕ್ಕೆ ಯಾರು ತಾನೆ ಬೆನ್ನು ತಟ್ಟುತ್ತಾರೆ? ನನಗೋ ಬೆನ್ನು ತಟ್ಟಿಸಿಕೊಳ್ಳುವ ಚಪಲ ಚಿಕ್ಕಂದಿನಿಂದಲೂ ಇತ್ತು. ಮುಂದೆ ಬರೆಯುವುದೆಲ್ಲ ಆ ಚಪಲದಿಂದ ಹುಟ್ಟಿದ್ದೇ.

ಗ್ಯಾರೇಜು ಮುಚ್ಚಿ ಮನೆಯಲ್ಲಿ ಕೂತ ಮೇಲೂ ಶಿವಮೊಗ್ಗದಲ್ಲಿ, ಭದ್ರಾವತಿಯಲ್ಲಿ ನನ್ನನ್ನು "ಬ್ರೇಕ್ ಮಹೇಶಪ್ಪ" ಎಂದೇ ಕರೆಯುತ್ತಾರೆ. ಸಿಟಿ ಬಸ್ಸಿನಲ್ಲಿ ಎದ್ದು ಸೀಟು ಬಿಟ್ಟುಕೊಡುವವರಿದ್ದಾರೆ. ನಾನು ಕೂರುತ್ತೇನೆ. ಆದರೆ ಆ ಹೆಸರು ನನಗೆ ದೊಡ್ಡದಾಗಿ ಬಂದದ್ದು ಯಾವ ಕೆಲಸದಿಂದ ಎಂಬುದು ನೆನಪಾದಾಗ ಎದ್ದು ನಿಲ್ಲಬೇಕು ಅನಿಸುತ್ತದೆ.

ಕೆಲಸ ಕಲಿತದ್ದು ಭದ್ರಾವತಿ ಹಳೇಪೇಟೆಯಲ್ಲಿ, ಮುನಿಸ್ವಾಮಿ ಮೇಸ್ತ್ರಿಯ ಲಾರಿ ಶೆಡ್ಡಿನಲ್ಲಿ. ನಮ್ಮಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು, ಮಗನೂ ಒಳಗೆ ಸೇರಲಿ ಎಂದು ಅವರಿಗೆ ಆಸೆ. ನಾನು ಓದಿನಲ್ಲಿ ಹಿಂದೆ ಬಿದ್ದೆ, ಅವರೇ ಕೈ ಹಿಡಿದು ತಂದು ಮೇಸ್ತ್ರಿಯ ಮುಂದೆ ನಿಲ್ಲಿಸಿದರು. ಮೇಸ್ತ್ರಿ ಮಾತಿಗೆ ಮುಂಚೆ ಬೈಗುಳ ತೆಗೆಯುವ ಮನುಷ್ಯ. ಒಮ್ಮೆ ಹೊಸದಾಗಿ ಪೇಂಟ್ ಮಾಡಿಸಿಕೊಂಡು ಬಂದ ಕಾರಿನ ಬಾನೆಟ್ಟಿನ ಮೇಲೆ ಬ್ರೇಕ್ ಆಯಿಲ್ ಚೆಲ್ಲಿದೆ. ಒರೆಸಿದರೆ ಹೋಗುತ್ತದೆ ಎಂದು ಬಟ್ಟೆಯಿಂದ ತಿಕ್ಕಿದೆ. ಬಟ್ಟೆಗೆ ಪೇಂಟೇ ಬಂತು. "ಡೇಯ್, ಆ ಎಣ್ಣೆ ಪೇಂಟ್ ತಿನ್ನತ್ತೆ ಕಣೋ, ನೀರು ಹಾಕ್ಬೇಕು, ನೀರು!" ಎಂದು ಅವರು ಕೂಗಿ ಬಕೆಟ್ಟು ಎತ್ತಿ ನನ್ನ ತಲೆಯ ಮೇಲೂ ಸುರಿದರು. ಇವತ್ತಿಗೂ ಬ್ರೇಕ್ ಆಯಿಲ್ ಡಬ್ಬ ಹಿಡಿದವರನ್ನು ಕಂಡರೆ ಪಕ್ಕದಲ್ಲಿ ನೀರಿದೆಯೇ ಎಂದು ನೋಡುತ್ತೇನೆ.

ಆಗ ಚಕ್ರದ ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲಿಸುವ ಲೈನರ್‌ಗಳಿಗೆ ನಾವೇ ರಿವಿಟ್ ಹೊಡೆಯುತ್ತಿದ್ದೆವು. ಡ್ರಮ್ಮಿನ ದೂಳನ್ನು ಬಾಯಿಂದ ಊದುತ್ತಿದ್ದೆವು. ದಯವಿಟ್ಟು ಅದನ್ನು ನೀವು ಮಾಡಬೇಡಿ. ನಮ್ಮ ಶೆಡ್ಡಿನವರ ಕೆಮ್ಮನ್ನು ನಾವು ಬೀಡಿಯ ಲೆಕ್ಕಕ್ಕೆ ಹಾಕುತ್ತಿದ್ದೆವು. ಕೆಲಸ ಮುಗಿದ ಮೇಲೆ ಮೇಸ್ತ್ರಿ ಲಾರಿಯನ್ನು ರಸ್ತೆಗೆ ಒಯ್ದು, ಸ್ವಲ್ಪ ವೇಗ ತೆಗೆದುಕೊಂಡು, ಬಲವಾಗಿ ಬ್ರೇಕ್ ಒತ್ತುತ್ತಿದ್ದರು. ನಂತರ ಇಳಿದು ಬಂದು ಬಗ್ಗಿ ರಸ್ತೆಯ ಮೇಲೆ ಬಿದ್ದ ಕಪ್ಪು ಗೆರೆಗಳನ್ನು ನೋಡುತ್ತಿದ್ದರು. "ಎಲ್ಲಾ ಚಕ್ರದ್ದೂ ಗೆರೆ ಬಂತಾ ನೋಡು" ಎನ್ನುತ್ತಿದ್ದರು. ನಾನು ಓಡಿಹೋಗಿ ನೋಡುತ್ತಿದ್ದೆ, ಬಂತು ಎನ್ನುತ್ತಿದ್ದೆ. ಅವರು ಏನನ್ನು ನೋಡುತ್ತಿದ್ದರು ಎಂಬುದನ್ನು ನಾನು ಸರಿಯಾಗಿ ಕೇಳಿ ತಿಳಿದುಕೊಳ್ಳಲಿಲ್ಲ. ಬೈಗುಳಕ್ಕೆ ಹೆದರಿ ಕೇಳದೆ ಬಿಟ್ಟೆ.

ತೊಂಬತ್ತರ ದಶಕದಲ್ಲಿ ಮಾಚೇನಹಳ್ಳಿಯಲ್ಲಿ ಸ್ವಂತ ಗ್ಯಾರೇಜು ಹಾಕಿದೆ. ಸುತ್ತ ಸಣ್ಣಪುಟ್ಟ ಫ್ಯಾಕ್ಟರಿಗಳು, ಪಕ್ಕದಲ್ಲೇ ಲೇತ್ ಅಂಗಡಿ. ಗ್ಯಾರೇಜಿನ ಮುಂದೆ ಅಗಲವಾದ ಖಾಲಿ ರಸ್ತೆ. ಆ ರಸ್ತೆಯೇ ನನ್ನ ಬೋರ್ಡು ಆಯಿತು. ಕಾರು ರಿಪೇರಿ ಮುಗಿದರೆ ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ, ಗ್ಯಾರೇಜಿನ ಎದುರಿಗೇ ಗಕ್ಕನೆ ಬ್ರೇಕ್ ಹಾಕುತ್ತಿದ್ದೆ. ಟೈರು ಕಿರುಚುತ್ತಿತ್ತು. ಇಳಿದು ನೋಡಿದರೆ ಕಪ್ಪು ಗೆರೆ. "ಅಬ್ಬಾ, ಏನ್ ಹಿಡಿತ ಮಾರಾಯ!" ಎಂದು ಅವರು ಹೇಳಿದರೆ ನನಗೆ ಅವತ್ತು ಊಟ ಬೇಡ. ಎಷ್ಟು ಉದ್ದದ ಗೆರೆಯೋ ಅಷ್ಟು ಒಳ್ಳೆಯ ಬ್ರೇಕು ಎಂದು ಜನ ನಂಬಿದ್ದರು. ಜನ ನಂಬಲಿ ಬಿಡಿ, ನಾನೂ ನಂಬಿದ್ದೆ. ಬೇರೆಯವರ ಎರಡು ಮೂರು ಗ್ಯಾರೇಜು ದಾಟಿಕೊಂಡು ಗಾಡಿಗಳು ನನ್ನಲ್ಲಿಗೆ ಬರತೊಡಗಿದವು.

ಆ ದಿನಗಳಲ್ಲೇ ಗಿರಿಜಾ ಡಾಕ್ಟರು ಬಂದದ್ದು. ಶಿವಮೊಗ್ಗದಲ್ಲಿ ಹಲ್ಲಿನ ಡಾಕ್ಟರು, ಮದುವೆಯಾಗಿರಲಿಲ್ಲ, ತಂದೆ ಚನ್ನಬಸಪ್ಪನವರು ಗಾಂಧಿ ಬಜಾರಿನ ಬಟ್ಟೆ ವ್ಯಾಪಾರಿ. ಡಾಕ್ಟರಿಗೆ ಕಾರಿನ ಹುಚ್ಚು. ಅವರದ್ದು ಗಾತ್ರದಲ್ಲಿ ಸಣ್ಣ ಕಾರು, ಆದರೆ ಇಂಜಿನ್ ಭಾರಿ ಚುರುಕು. ಅದರ ಮೇಲೆ ಬೆಂಗಳೂರಿನಲ್ಲಿ ಏನೇನೋ ಮಾಡಿಸಿ ಇನ್ನೂ ಚುರುಕು ಮಾಡಿಸಿದ್ದರು. ಮೈದಾನದಲ್ಲಿ ಮಣ್ಣು ಹಾರಿಸಿಕೊಂಡು ನಡೆಯುವ ಕಾರ್ ಸ್ಪರ್ಧೆಗಳಿಗೆ ಹೋಗುತ್ತಿದ್ದರು. ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಎಂದು ಮನೆಯಲ್ಲಿ ಗೊಣಗಾಟ ಇತ್ತಂತೆ.

"ಮಹೇಶಪ್ಪ, ಈ ಗಾಡಿ ಓಡೋಕೆ ಕಲಿತಿದೆ, ನಿಲ್ಲೋಕೆ ಕಲಿತಿಲ್ಲ," ಎಂದರು. "ಘಾಟಿ ಇಳಿಯುವಾಗ ನಾಲ್ಕು ತಿರುವು ಆಗೋದ್ರೊಳಗೆ ಪೆಡಲ್ ಒಳಗೆ ಹೋಗತ್ತೆ, ಸುಟ್ಟ ವಾಸನೆ ಬರತ್ತೆ. ದೊಡ್ಡ ಬ್ರೇಕ್ ಹಾಕೋಕಾಗತ್ತಾ?"

ಆಗುತ್ತದೆ ಎಂದೆ. ಅದೇ ಕಂಪನಿಯ ದೊಡ್ಡ ಕಾರಿನ ಮುಂದಿನ ಡಿಸ್ಕು, ಅದನ್ನು ಹಿಡಿಯುವ ಕ್ಯಾಲಿಪರ್ ಎರಡನ್ನೂ ಈ ಸಣ್ಣ ಕಾರಿಗೆ ಕೂರಿಸಬಹುದು ಎಂದು ನನಗೆ ಗೊತ್ತಿತ್ತು. ಆದರೆ ಅದುವರೆಗೆ ನಾನು ಮಾಡಿರಲಿಲ್ಲ, ನಮ್ಮ ಕಡೆ ಯಾರೂ ಮಾಡಿರಲಿಲ್ಲ. ಅಪಘಾತದಲ್ಲಿ ಜಜ್ಜಿಹೋದ ಒಂದು ದೊಡ್ಡ ಕಾರಿನಿಂದ ಸಾಮಾನು ತಂದೆ. ಡಿಸ್ಕಿನ ಮಧ್ಯದ ತೂತನ್ನು ಲೇತಿಗೆ ಹಾಕಿ ಹೊಂದಿಸಿದೆವು. ಹಳೆಯ ರಿಮ್ಮಿನೊಳಗೆ ಹೊಸ ಕ್ಯಾಲಿಪರ್ ಹಿಡಿಸಲಿಲ್ಲ, ದೊಡ್ಡ ರಿಮ್ಮು ಹಾಕಿದೆ. ಪೆಡಲ್ ಮೆತ್ತಗಾಯಿತು, ಆಯಿಲ್ ಸಾಲುತ್ತಿಲ್ಲ ಎಂದು ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರನ್ನೂ ದೊಡ್ಡ ಕಾರಿನದೇ ಕೂರಿಸಿದೆ. ಪೈಪಿನೊಳಗಿನ ಗಾಳಿ ತೆಗೆದು ಪೆಡಲ್ ಒತ್ತಿದಾಗ ಕಾಲಡಿ ಕಲ್ಲಿನ ಹಾಗೆ ನಿಂತಿತು. ಅಲ್ಲಿಗೆ ನಿಲ್ಲಿಸಿದ್ದರೆ ಅದು ನನ್ನ ಬದುಕಿನ ಅತ್ಯುತ್ತಮ ಕೆಲಸ.

ನಿಲ್ಲಿಸಲಿಲ್ಲ. ರಸ್ತೆಗೆ ಒಯ್ದು ಬ್ರೇಕ್ ಹಾಕಿದೆ. ಗಾಡಿ ಗೂಟ ಹೊಡೆದ ಹಾಗೆ ನಿಂತಿತು, ಆದರೆ ಗೆರೆ ಬಿದ್ದದ್ದು ಎರಡೇ, ಮುಂದಿನ ಚಕ್ರದ್ದು. ಹಿಂದೆ ಏನೂ ಇಲ್ಲ. ಮೇಸ್ತ್ರಿಯ ಮಾತು ಕಿವಿಯಲ್ಲಿತ್ತು, ಎಲ್ಲಾ ಚಕ್ರದ್ದೂ ಬರಬೇಕು. ಊರಿಗೇ ಮೊದಲ ದೊಡ್ಡ ಬ್ರೇಕು, ಎರಡು ಗೆರೆ ತೋರಿಸಿ ಏನೆಂದು ಹೇಳಲಿ?

ಇಂಥ ಕಾರುಗಳಲ್ಲಿ ಹಿಂದಿನ ಚಕ್ರಕ್ಕೆ ಹೋಗುವ ಪೈಪಿನಲ್ಲಿ ಒಂದು ಸಣ್ಣ ವಾಲ್ವ್ ಇರುತ್ತದೆ. ಬ್ರೇಕ್ ಒತ್ತಿದಾಗ ಕಾರಿನ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಹಿಂಭಾಗ ಹಗುರವಾಗುತ್ತದೆ. ಹಗುರವಾದ ಚಕ್ರ ಬೇಗ ಜಾಮ್ ಆಗುತ್ತದೆ. ಹಾಗಾಗದಿರಲಿ ಎಂದೇ ಆ ವಾಲ್ವ್ ಹಿಂದಕ್ಕೆ ಹೋಗುವ ಒತ್ತಡವನ್ನು ಕಡಿಮೆ ಮಾಡುತ್ತದೆ. ಈಗ ಎಷ್ಟು ಸಲೀಸಾಗಿ ಬರೆದೆ ನೋಡಿ. ಅವತ್ತು ನನ್ನ ಪಾಲಿಗೆ ಅದು ಕಂಪನಿಯವರು ಸುಮ್ಮನೆ ಇಟ್ಟ ಅಡ್ಡಿ. ಲಾರಿ ಬುದ್ಧಿ ನನ್ನದು. ವಾಲ್ವ್ ಕಿತ್ತು ನೇರ ಪೈಪು ಜೋಡಿಸಿದೆ. ಸಾಲದೆಂದು ಹಿಂದಿನ ಡ್ರಮ್ಮಿಗೂ ದೊಡ್ಡ ಸಿಲಿಂಡರ್ ಹಾಕಿದೆ. ಮತ್ತೆ ರಸ್ತೆಗೆ ಹೋದೆ. ನಾಲ್ಕು ಗೆರೆ ಬಿತ್ತು, ಕೋಲು ಹಿಡಿದು ಎಳೆದ ಹಾಗೆ. ಅಕ್ಕಪಕ್ಕದ ಫ್ಯಾಕ್ಟರಿಯವರೆಲ್ಲ ಹೊರಗೆ ಬಂದು ನೋಡಿದರು.

ಡಾಕ್ಟರು ತಾವೇ ಓಡಿಸಿ ನೋಡಿದರು. ಇಳಿದಾಗ ಮುಖ ಅರಳಿತ್ತು, ಆದರೂ, "ಹಿಂದೆ ಸ್ವಲ್ಪ ಅಲ್ಲಾಡಿದ ಹಾಗಾಯ್ತಲ್ಲ?" ಎಂದು ಕೇಳಿದರು.

"ಹೊಸದರಲ್ಲಿ ಹಾಗೇ ಡಾಕ್ಟ್ರೇ. ಪ್ಯಾಡ್ ಎಲ್ಲ ಕೂತ್ಕೊಳ್ಳಲಿ, ಸರಿಹೋಗತ್ತೆ," ಎಂದೆ.

ಈ ಮಾತನ್ನು ನೀವು ಗಿರಾಕಿಗೆ ಹೇಳಲು ಬಾಯಿ ತೆಗೆದಾಗಲೆಲ್ಲ ಒಂದು ಕ್ಷಣ ತಡೆಯಿರಿ. ಓಡಿಸುವವರ ಬೆನ್ನಿಗೆ ಗೊತ್ತಾಗುವುದು ಬಿಚ್ಚಿ ಕಟ್ಟುವವನ ಕೈಗೆ ಗೊತ್ತಾಗುವುದಿಲ್ಲ.

ಸ್ವಲ್ಪ ದಿನಕ್ಕೆ ಸುದ್ದಿ ಬಂತು. ಭದ್ರಾವತಿಯ ಶಾಲೆಯೊಂದರಲ್ಲಿ ಮಕ್ಕಳ ಹಲ್ಲು ನೋಡಲು ಡಾಕ್ಟರು ಬೆಳಿಗ್ಗೆ ಹೊರಟಿದ್ದರು. ತಿರುವೊಂದರಲ್ಲಿ ಪೇಪರ್ ಕಾರ್ಖಾನೆಯ ಕೆಲಸಗಾರ ರಂಗಪ್ಪ ಎಂಬಾತ ಶಿಫ್ಟ್ ಮುಗಿಸಿ ಸೈಕಲ್ಲಿನಲ್ಲಿ ರಸ್ತೆಗೆ ಅಡ್ಡ ಬಂದಿದ್ದಾನೆ. ಇವರು ಬ್ರೇಕ್ ಒತ್ತಿದ್ದಾರೆ. ಕಾರು ಬುಗುರಿಯ ಹಾಗೆ ತಿರುಗಿ ರಸ್ತೆಯ ಆಚೆ ಬದಿಯ ಬೇವಿನ ಮರಕ್ಕೆ ಹಿಂಭಾಗ ಬಡಿದು ನಿಂತಿದೆ. ರಂಗಪ್ಪನಿಗೆ ಒಂದು ತರಚು ಗಾಯವೂ ಇಲ್ಲ. ಡಾಕ್ಟರ ಬಲಗೈ ತಿರುಗುವ ಸ್ಟೀರಿಂಗಿಗೆ ಸಿಕ್ಕಿ ಮಣಿಕಟ್ಟು ಮುರಿದಿತ್ತು.

ಹಲ್ಲಿನ ಡಾಕ್ಟರಿಗೆ ಬಲಗೈ ಎಂದರೆ ಏನು ಎಂದು ನಾನು ಹೇಳಬೇಕಾಗಿಲ್ಲ. ಆ ಕೈ ಮೊದಲಿನಂತೆ ಆಗುತ್ತದೋ ಇಲ್ಲವೋ ಎಂದು ಯಾರಿಗೂ ಗೊತ್ತಿರಲಿಲ್ಲ.

ನಾನು ಮೇಸ್ತ್ರಿಯನ್ನು ಕರೆದುಕೊಂಡು ಆ ಜಾಗಕ್ಕೆ ಹೋದೆ. ಅವರಿಗೆ ಆಗಲೇ ವಯಸ್ಸಾಗಿತ್ತು, ಕಣ್ಣು ಮಾತ್ರ ಚುರುಕಾಗಿತ್ತು. ಗೆರೆಗಳು ಇನ್ನೂ ಇದ್ದವು. ಜನ ನಿಂತು ಬೆರಳು ತೋರಿಸಿ ಮಾತಾಡುತ್ತಿದ್ದರು. "ನಾಲ್ಕು ಚಕ್ರನೂ ಹೆಂಗೆ ಹಿಡಿದಿದೆ ನೋಡಿ, ಅದಕ್ಕೇ ಆ ಮನುಷ್ಯ ಉಳ್ಕೊಂಡ," ಎನ್ನುತ್ತಿದ್ದರು. ಮೇಸ್ತ್ರಿ ಗೆರೆ ಶುರುವಾದ ಕಡೆಗೆ ನಡೆದುಹೋಗಿ ಬಗ್ಗಿದರು.

"ಬಾ ಇಲ್ಲಿ. ಯಾವ ಗೆರೆ ಮೊದಲು?"

ನೋಡಿದೆ. ಹಿಂದಿನ ಚಕ್ರದ ಗೆರೆಗಳು ಮೊದಲು ಶುರುವಾಗಿದ್ದವು. ಮುಂದಿನವು ಆಮೇಲೆ.

"ಹಿಂದಿನದು ಮೊದಲು ಜಾಮ್ ಆದ್ರೆ ಬಾಲ ಮುಂದಕ್ಕೆ ಬರತ್ತೆ ಕಣೋ. ವಾಲ್ವ್ ಎಲ್ಲಿ?"

"ತೆಗೆದೆ."

"ಯಾಕೆ ತೆಗೆದೆ?"

"ನೀವೇ ಹೇಳ್ತಿದ್ರಲ್ಲ ಮೇಸ್ತ್ರೀ, ಎಲ್ಲಾ ಚಕ್ರದ್ದೂ ಗೆರೆ ಬರ್ಬೇಕು ಅಂತ."

ಅವರು ನನ್ನ ಮುಖ ನೋಡಿದರು. ಅವತ್ತು ಬೈಯಲಿಲ್ಲ, ಅದೇ ನನಗೆ ಹೆಚ್ಚು ಹೊಡೆತ. "ಎಡಗಡೆ ಬಲಗಡೆ ಸಮ ಹಿಡಿತಾ ಅಂತ ನೋಡೋಕೆ ಹೇಳಿದ್ದು. ಲಾರಿ ಒಂದ್ ಕಡೆ ಎಳೀಬಾರ್ದಲ್ಲಪ್ಪಾ, ಅದಕ್ಕೆ. ಗೆರೆ ಬಂದ್ರೆ ಚಕ್ರ ನಿಂತಿದೆ, ಗಾಡಿ ಜಾರ್ತಿದೆ ಅಂತ. ಜಾರೋದು ಬ್ರೇಕಾ?" ಎಂದರು. ಅಷ್ಟು ವರ್ಷ ಗ್ಯಾರೇಜಿನ ಮುಂದೆ ನಾನು ಊರಿಗೆ ತೋರಿಸಿ ಮೆರೆದದ್ದು ನಿಲ್ಲುವ ಗಾಡಿಗಳನ್ನಲ್ಲ, ಜಾರುವ ಗಾಡಿಗಳನ್ನು.

ಒಪ್ಪಿಕೊಳ್ಳಬೇಕು ಎಂದು ನಿಶ್ಚಯಿಸಿದೆ. ಡಾಕ್ಟರ ಮನೆಗೆ ಹೋಗಬೇಕೆಂದು ಎರಡು ಸಲ ಬಟ್ಟೆ ಹಾಕಿಕೊಂಡು ಹೊರಟೆ, ಕಾಲು ಬರಲಿಲ್ಲ. ಅಷ್ಟರಲ್ಲಿ ಅವರೇ ಬಂದುಬಿಟ್ಟರು.

ಅವತ್ತು ಆಯುಧಪೂಜೆ. ಗ್ಯಾರೇಜು ತೊಳೆದು, ಸ್ಪ್ಯಾನರ್‌ಗಳನ್ನು ಸಾಲಾಗಿ ಜೋಡಿಸಿ ವಿಭೂತಿ ಹಚ್ಚಿ, ಬೂದುಗುಂಬಳಕಾಯಿ ಒಡೆಯಲು ಸಿದ್ಧವಾಗಿದ್ದೆವು. ಅಕ್ಕಪಕ್ಕದ ಶೆಡ್ಡುಗಳವರೆಲ್ಲ ಮಂಡಕ್ಕಿಗೆ ಸೇರಿದ್ದರು. ಚನ್ನಬಸಪ್ಪನವರು ಕಾರಿನಿಂದ ಇಳಿದರು. ಕೈಯಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ. ಹಿಂದೆ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಡಾಕ್ಟರು. ಅವರ ಹಿಂದೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ರಂಗಪ್ಪ.

ಏನಾಗುತ್ತಿದೆ ಎಂದು ನನಗೆ ತಿಳಿಯುವ ಮೊದಲೇ ಹಾರ ಕೊರಳಿಗೆ ಬಿತ್ತು, ಶಾಲು ಹೆಗಲಿಗೆ ಬಂತು. ರಂಗಪ್ಪ ಮುಂದೆ ಬಂದು ಬಗ್ಗಿ ನನ್ನ ಕಾಲು ಮುಟ್ಟಿದ. "ನನ್ ಮಕ್ಳು ಇವತ್ತು ಅಪ್ಪಾ ಅಂತ ಕರೀತಾ ಇದಾವೆ ಅಂದ್ರೆ ನಿಮ್ ಕೈಚಳಕ ಸ್ವಾಮಿ," ಎಂದ. ಭೂಮಿ ಬಾಯಿಬಿಡಬಾರದೇ ಅನಿಸಿತು.

"ಯಜಮಾನ್ರೇ, ಇದು ಬೇಡ," ಎಂದೆ. "ತಪ್ಪು ನನ್ನದು. ಹಿಂದಿನ ವಾಲ್ವ್ ನಾನು ಕಿತ್ತಿದ್ದೆ. ಅದಕ್ಕೇ ಗಾಡಿ ತಿರುಗಿದ್ದು. ಡಾಕ್ಟ್ರ ಕೈ ಮುರಿದಿದ್ದು ನನ್ನಿಂದ. ಸರಿಯಾಗಿದ್ದಿದ್ರೆ ಗಾಡಿ ನೇರಕ್ಕೆ ನಿಲ್ತಿತ್ತು, ಇಬ್ರಿಗೂ ಏನೂ ಆಗ್ತಿರ್ಲಿಲ್ಲ."

ಚನ್ನಬಸಪ್ಪನವರು ನನ್ನನ್ನೇ ದಿಟ್ಟಿಸಿ ನೋಡಿದರು. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡು ಜನರ ಕಡೆ ತಿರುಗಿದರು.

"ನೋಡಿದ್ರಾ? ದೊಡ್ಡತನ ಅಂದ್ರೆ ಇದು. ಜೀವ ಉಳಿಸಿದೀನಿ ಅಂತ ಹೇಳ್ಕೊಳ್ಳೋದು ಬಿಟ್ಟು, ಕೈ ಮುರೀತಲ್ಲ ಅಂತ ಮರುಗ್ತಾ ಇದಾರೆ. ಇಂಥೋರು ಈ ಕಾಲದಲ್ಲಿ ಎಲ್ಲಿ ಸಿಗ್ತಾರ್ರೀ?"

ಚಪ್ಪಾಳೆ ಬಿತ್ತು. "ಇಲ್ಲ ಯಜಮಾನ್ರೇ, ನಿಜವಾಗ್ಲೂ..." ಎಂದೆ. ಚಪ್ಪಾಳೆ ಇನ್ನೂ ಜೋರಾಯಿತು. ಡಾಕ್ಟರೊಬ್ಬರೇ ಸುಮ್ಮನೆ ನಿಂತಿದ್ದರು. ಕೈಗೆ ಪ್ಲಾಸ್ಟರ್ ಇದೆಯಲ್ಲ, ಹೇಗೆ ತಟ್ಟುತ್ತಾರೆ ಎಂದುಕೊಂಡೆ. ಆಮೇಲೆ ಅವರೇ ನನಗೆ ಎಡಗೈಯಲ್ಲಿ ಹಣ್ಣಿನ ಬುಟ್ಟಿ ಕೊಟ್ಟರು.

ಶಾಲನ್ನು ಮನೆಗೆ ತಂದಾಗ ನನ್ನ ಹೆಂಡತಿ, "ರೀ, ಚೆನ್ನಾಗಿದೆ, ಮದುವೆ ಮನೆಗೆ ಹೋಗುವಾಗ ಹಾಕ್ಕೊಳ್ಳಿ," ಎಂದಳು. ಹಾಕಿಕೊಳ್ಳಲಾಗಲಿಲ್ಲ. ಒಗೆದು ಬೀರುವಿನ ತಳದಲ್ಲಿಟ್ಟೆ.

ನಿಮ್ಮ ತಪ್ಪನ್ನು ಯಾರೂ ನಂಬದಿದ್ದರೆ ಹಗುರವಾಗುತ್ತದೆ ಎಂದುಕೊಳ್ಳಬೇಡಿ. ಮುಂದೆ ಆದದ್ದು ಇನ್ನೂ ಕೆಟ್ಟದ್ದು. ನನ್ನ ತಪ್ಪೇ ಊರಿಗೆ ಮಾದರಿಯಾಯಿತು. "ಡಾಕ್ಟ್ರ ಗಾಡಿಗೆ ಮಾಡಿದ್ರಲ್ಲ, ಅದೇ ನಾಲ್ಕು ಗೆರೆ ನಮಗೂ ಬೇಕು" ಎಂದು ಶಿವಮೊಗ್ಗದಿಂದ ಹುಡುಗರು ಬಂದರು. ನಾನು ವಾಲ್ವ್ ಕತೆ ಬಿಡಿಸಿ ಹೇಳಿದರೆ, "ಗುಟ್ಟು ಬಿಟ್ಟುಕೊಡಲ್ಲ ಅಂತೀರಾ ಬಿಡಿ" ಎಂದು ನಕ್ಕು, ಬೇರೆ ಗ್ಯಾರೇಜಿಗೆ ಹೋಗಿ ವಾಲ್ವ್ ಕೀಳಿಸಿಕೊಂಡರು. ಕೀಳುವುದು ಹೇಗೆಂದು ನನ್ನ ಬಾಯಿಂದಲೇ ಕೇಳಿ ತಿಳಿದಿದ್ದರಲ್ಲ! ಅದಕ್ಕೂ ಮೊದಲು ಗೆರೆ ಬೀಳಲೆಂದು ನಾನು ಬ್ರೇಕ್ ಬಿಗಿ ಮಾಡಿದ್ದ ಗಾಡಿಗಳನ್ನೆಲ್ಲ ನೆನಪು ಮಾಡಿಕೊಂಡು, ಯಜಮಾನರನ್ನು ಹುಡುಕಿಕೊಂಡು ಹೋಗಿ, ಸರಿ ಮಾಡಿಕೊಡುತ್ತೇನೆ ಎಂದು ಕೇಳಿದೆ. ಕೆಲವರು ಬಂದರು. ಕೆಲವರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಗ್ಯಾರೇಜಿನ ಮುಂದೆ ಗೆರೆ ಹಾಕುವುದನ್ನು ಬಿಟ್ಟೆ. ಮಳೆ ಬಂದು ಹಳೆಯ ಗೆರೆಗಳು ಅಳಿದವು, ಗಿರಾಕಿಗಳೂ ಕಡಿಮೆಯಾದರು.

ಡಾಕ್ಟರ ಕಾರನ್ನು ಮಾತ್ರ ನನ್ನ ಕೈಯಾರೆ ಮತ್ತೆ ಕಟ್ಟಿದೆ. ಹೊಸ ವಾಲ್ವ್, ಹಿಂದೆ ಹಳೆಯ ಅಳತೆಯದೇ ಸಿಲಿಂಡರ್, ಒಳ್ಳೆಯ ಟೈರು. ದೊಡ್ಡ ಡಿಸ್ಕು ಹಾಗೇ ಉಳಿಯಿತು, ಅದರ ತಪ್ಪೇನೂ ಇರಲಿಲ್ಲ. ಪ್ಲಾಸ್ಟರ್ ಬಿಚ್ಚಿದ ಮೇಲೆ ಡಾಕ್ಟರು ಮತ್ತೆ ಕ್ಲಿನಿಕ್ಕಿಗೆ ಬರುತ್ತಿದ್ದಾರೆ ಎಂದು ಕೇಳಿದಾಗ ಎದೆಯ ಮೇಲಿನ ಭಾರ ಇಳಿಯಿತು. ಕೈ ಸರಿಹೋಯಿತು ಎಂದು ಎಲ್ಲರೂ ಹೇಳಿದರು. ಸರ್ವಿಸಿಗೆ ಬಂದಾಗಲೆಲ್ಲ, "ಕಾರು ಹೇಗಿದೆ ಡಾಕ್ಟ್ರೇ?" ಎಂದು ಕೇಳುತ್ತಿದ್ದೆ. "ಚೆನ್ನಾಗಿದೆ" ಎನ್ನುತ್ತಿದ್ದರು. ಕೈ ಹೇಗಿದೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಏನು ಹೇಳಿಬಿಡುತ್ತಾರೋ ಎಂಬ ಭಯ.

ವರ್ಷಗಳು ಕಳೆದವು. ಬ್ರೇಕ್ ಒತ್ತಿದರೆ ಚಕ್ರ ಜಾಮ್ ಆಗದಂತೆ ಕಂಪ್ಯೂಟರೇ ನೋಡಿಕೊಳ್ಳುವ ಕಾರುಗಳು ಬಂದವು. ಅಂಥ ಹೊಸ ಕಾರನ್ನು ತಂದ ಒಬ್ಬ ಕಂಟ್ರ್ಯಾಕ್ಟರು, "ಎಷ್ಟು ಒತ್ತಿದ್ರೂ ಒಂದ್ ಗೆರೆ ಬೀಳಲ್ಲ, ಪೆಡಲ್ ಬೇರೆ ನಡುಗತ್ತೆ, ನೋಡಿ ಮಾರಾಯ್ರೇ" ಎಂದು ನನ್ನ ಬಳಿ ದೂರು ಹೇಳಿದ. ಅವನಿಗೆ ಆ ಬುದ್ಧಿ ಕಲಿಸಿದವನು ನಾನೇ. ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು. ಆ ಹೊತ್ತಿಗೆ ಮೇಸ್ತ್ರಿ ತೀರಿಕೊಂಡಿದ್ದರು. ಇದ್ದಿದ್ದರೆ ಆ ಕಾರಿನಲ್ಲಿ ಒಂದು ಸುತ್ತು ಕೂರಿಸಿಕೊಂಡು ಹೋಗುತ್ತಿದ್ದೆ.

ಕೆಲಸ ಬಿಟ್ಟ ಮೇಲೆ ಒಂದು ದವಡೆ ಹಲ್ಲು ನೋಯತೊಡಗಿತು. ಲವಂಗ ಇಟ್ಟುಕೊಂಡು ತಡೆದೆ, ಕೊನೆಗೆ ಗಿರಿಜಾ ಡಾಕ್ಟರ ಕ್ಲಿನಿಕ್ಕಿಗೇ ಹೋದೆ. ಚನ್ನಬಸಪ್ಪನವರು ಅದಕ್ಕೆ ಸ್ವಲ್ಪ ಮುಂಚೆ ಲಿಂಗೈಕ್ಯರಾಗಿದ್ದರು. ಗೋಡೆಯ ಮೇಲೆ ಅವರ ಫೋಟೊ ಇತ್ತು. ಡಾಕ್ಟರ ಕೂದಲೂ ಬೆಳ್ಳಗಾಗಿತ್ತು. ಹಲ್ಲು ಉಳಿಯುವುದಿಲ್ಲ, ಕೀಳಬೇಕು ಎಂದರು. ತಮ್ಮ ಎಡಗೈಯಿಂದ ಇಂಜೆಕ್ಷನ್ ಕೊಟ್ಟು, ಬಾಯಿ ಮರಗಟ್ಟಲಿ ಎಂದು ಹತ್ತಿ ಇಟ್ಟು, ಪಕ್ಕದ ಸ್ಟೂಲಿನ ಮೇಲೆ ಕೂತರು.

"ಮಾತಾಡ್ಬೇಡಿ ಮಹೇಶಪ್ಪ. ನಾನು ಮಾತಾಡ್ತೀನಿ, ನೀವು ಕೇಳಿ," ಎಂದರು. "ಅಪ್ಪ ಇರೋವರೆಗೂ ಹೇಳ್ಬಾರ್ದು ಅಂದ್ಕೊಂಡಿದ್ದೆ. ಆಯುಧಪೂಜೆ ದಿನ ನೀವು ಹೇಳಿದ್ದನ್ನ ಯಾರೂ ನಂಬ್ಲಿಲ್ಲ ಅಲ್ವಾ? ನಾನು ನಂಬಿದ್ದೆ. ಅರ್ಧ ಪೆಡಲ್ ಒತ್ತೋ ಅಷ್ಟರಲ್ಲೇ ಹಿಂಭಾಗ ಬಿಟ್ಟು ಹೋಯ್ತು. ಮೊದಲನೇ ದಿನ ಅಲ್ಲಾಡ್ತು ಅಂದಿದ್ನಲ್ಲ, ಅದೇ."

ನಾನು ಏನೋ ಹೇಳಲು ಹೋದೆ. ಹತ್ತಿ, ಜೊಲ್ಲು. ಅವರು ಟಿಶ್ಯೂ ಕೊಟ್ಟರು.

"ಯಾಕೆ ಬಾಯಿ ಬಿಡ್ಲಿಲ್ಲ ಅಂತೀರಾ? ಬಿಟ್ಟಿದ್ರೆ ಅಪ್ಪ ಮೊದಲು ಕಾರು ಮಾರ್ತಿದ್ರು, ಆಮೇಲೆ ನಿಮ್ಮ ಗ್ಯಾರೇಜಿಗೆ ಬೀಗ ಹಾಕಿಸ್ತಿದ್ರು. ನನಗೆ ಕಾರು ಬೇಕಿತ್ತು. ನಿಮ್ಮನ್ನ ಉಳಿಸ್ಬೇಕು ಅಂತೇನೂ ಅಲ್ಲ, ಸುಳ್ಳು ಹೇಳಲ್ಲ." ಸ್ವಲ್ಪ ನಕ್ಕರು. "ಆಮೇಲೆ ಸರಿ ಮಾಡಿಕೊಟ್ರಲ್ಲ, ಅಂಥಾ ಬ್ರೇಕು ನಾನು ಮತ್ತೆಲ್ಲೂ ನೋಡಿಲ್ಲ. ಎಷ್ಟು ಘಾಟಿ ಇಳಿಸಿದೀನಿ, ಒಂದು ದಿನಾನೂ ಏನೂ ಆಗ್ಲಿಲ್ಲ."

ಬದುಕಿಡೀ ನಾನು ಕೇಳಬೇಕೆಂದಿದ್ದ ಮಾತು ಅದು. ಕೇಳಿದಾಗ ಕಣ್ಣು ತುಂಬಿತು, ಹಲ್ಲಿನ ನೋವೆಂದು ಅವರು ತಿಳಿಯಲಿ ಎಂದು ಕಣ್ಣು ಮುಚ್ಚಿಕೊಂಡೆ.

"ಮರಗಟ್ಟಿತಾ?" ಎಂದರು. ತಲೆಯಾಡಿಸಿದೆ. ಅವರು ಇಕ್ಕಳಕ್ಕೆ ಕೈ ಹಾಕುತ್ತಾರೆ ಎಂದುಕೊಂಡೆ. ಹಾಕಲಿಲ್ಲ. ನಾನು ಅವರ ಬಲಗೈಯನ್ನೇ ನೋಡುತ್ತಿದ್ದೆ. ಅದು ಅವರಿಗೂ ಗೊತ್ತಾಯಿತು. ಆ ಕೈಯನ್ನು ನನ್ನ ಮುಂದೆ ಚಾಚಿ, ಮಣಿಕಟ್ಟು ತಿರುಗಿಸಿ ತೋರಿಸಿದರು. ಅರ್ಧಕ್ಕೆ ನಿಂತಿತು.

"ಇಷ್ಟೇ ತಿರುಗೋದು. ಫಿಲ್ಲಿಂಗ್ ಎಲ್ಲ ಮಾಡ್ತೀನಿ. ಆವತ್ತಿಂದ ಹಲ್ಲು ಮಾತ್ರ ಕಿತ್ತಿಲ್ಲ," ಎಂದರು. ಪಕ್ಕದ ಕೋಣೆಯಿಂದ ಇನ್ನೊಬ್ಬ ಡಾಕ್ಟರನ್ನು ಕರೆದರು. ಆತ ನನ್ನ ಹಲ್ಲು ಕೀಳುವವರೆಗೂ ಅವರು ಎಡಗೈಯಲ್ಲಿ ನನ್ನ ತಲೆ ಅಲ್ಲಾಡದಂತೆ ಹಿಡಿದುಕೊಂಡು ನಿಂತಿದ್ದರು.